ಆಟಕ್ಕುಂಟು

ಹಾರ್ಟ್ಲ್‌ಪೂಲಿನ ಆಸ್ಪತ್ರೆ. ಮಂಡಿ ಡಾಕ್ಟರ ಬಾಗಿಲ ಮುಂದೆ
ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ,
ಎಡಗಾಲು ಉದ್ದಕ್ಕೆ ಚಾಚಿ
ಹೋಗಿಬರುವ ನರ್ಸುಗಳನ್ನು
ಎಡವಿ ಬೀಳಿಸಲೆಂದೇ ಕೂತವನ ಹಾಗೆ.
ಕಾಗದದಲ್ಲಿ ಹೆಸರು ಮತ್ತೆ ತಪ್ಪಿದೆ: ಔಟ್‌ವೈಟ್.
ಔತ್‌ವೇಟ್ ಎಂದು ನಾನು ತಿದ್ದಹೋದರೆ
'ಬಿಡು ಮಗಳೇ' ಅನ್ನುತ್ತಾನೆ,
'ಹದಿನಾರು ವರ್ಷ ಪಂದ್ಯದ ಪುಸ್ತಿಕೆಯವರೇ ತಿದ್ದಲಿಲ್ಲ.'

ನಾಲ್ಕನೇ ಡಿವಿಷನ್ನು. ಅದರ ಕೆಳಗೆ ಮೆಟ್ಟಿಲಿಲ್ಲ,
ಕೆಸರು.
ನಾನೂರ ಹನ್ನೊಂದು ಪಂದ್ಯ, ಗೋಲು ಎರಡು,
ಅದರಲ್ಲೊಂದು ನಮ್ಮದೇ ಬಲೆಗೆ.
ಊರು ನೆನಪಿಟ್ಟದ್ದು ಅದೊಂದನ್ನೇ.
ಕರಿದ ಮೀನಿನಂಗಡಿಯ ಬ್ರೆಂಡಾ
ಪೊಟ್ಟಣ ಕಟ್ಟಿ, ಕೈ ಅರ್ಧಕ್ಕೆ ನಿಲ್ಲಿಸಿ,
'ಯಾವ ಕಡೆಗೆ ಕೊಡಲಿ, ಗ್ರೆಹ್ಯಾಮ್?' ಎಂದು
ವರ್ಷಗಟ್ಟಲೆ ಕೇಳಿದಳು.
ಅಪ್ಪ ವರ್ಷಗಟ್ಟಲೆ ನಕ್ಕ.

ಮೂರು ಕ್ಲಬ್ಬು, ನನಗೆ ಮೂರು ಶಾಲೆ.
ಜೂನ್ ಬಂದರೆ ಸಂಬಳ ನಿಲ್ಲುತ್ತಿತ್ತು.
ಕ್ಲಬ್ಬಿನ ಅಧ್ಯಕ್ಷನದು ಮಾಂಸದಂಗಡಿ;
ಬಾಕಿ ಹಣದ ಬದಲು ಎರಡು ವಾರ ಸಾಸೇಜು ಬಂತು.
ಅಪ್ಪ ಏಣಿ ಹತ್ತಿ ಗ್ಯಾಲರಿಯ ತಗಡಿಗೆ ಹಸಿರು ಬಳಿದ.
ಉಳಿದ ಡಬ್ಬಿ ಕೋಟಿನೊಳಗೆ ಮನೆಗೆ ಬಂದು
ನಮ್ಮ ಕಕ್ಕಸಿನ ಬಾಗಿಲೂ
ಕ್ಲಬ್ಬಿನ ಬಣ್ಣಕ್ಕೆ ತಿರುಗಿತು.

ಶನಿವಾರ ರಾತ್ರಿ ಅಮ್ಮ
ಹುಬ್ಬು ಕೀಳುವ ಚಿಮಟದಲ್ಲಿ
ಅವನ ತೊಡೆಯಿಂದ ಒಂದೊಂದೇ ಹರಳು ತೆಗೆಯುವಳು.
ಟಾರ್ಚು ಹಿಡಿಯುವುದು ನನ್ನ ಕೆಲಸ.
'ಏನಾಯಿತು?'
'ಸೊನ್ನೆಗೆ ಸೊನ್ನೆ.'
ಹಾಗೆನ್ನುವಾಗ ಅವನ ಮುಖ ನೋಡಬೇಕಿತ್ತು,
ಔತಣ ಉಂಡು ಬಂದವನದು.
ಅಮ್ಮನಿಗೆ ಅರ್ಥವಾಗಲೇ ಇಲ್ಲ:
ಒಂದೂವರೆ ಗಂಟೆ ಒದೆ ತಿಂದು
ಏನೂ ಆಗದ ಹಾಗೆ ನೋಡಿಕೊಂಡು ಬರುವುದೂ
ಒಂದು ಉದ್ಯೋಗವೇ?

ಮೂವತ್ತನಾಲ್ಕಕ್ಕೆ ಬಿಡುಗಡೆಯ ಕಾಗದ, ಎರಡು ಸಾಲು.
ಒಂದು ಸಾಲು ಬೂಟು ವಾಪಸು ಮಾಡುವ ಬಗ್ಗೆ.
ಆಮೇಲೆ ಗ್ಯಾಸ್ ಮೀಟರು ಓದುವ ಕೆಲಸ,
ಕಂಡವರ ಮನೆಯ ಮೆಟ್ಟಿಲ ಕೆಳಗೆ ಮಂಡಿಯೂರಿ,
ಸೂಜಿಮದ್ದು ಕುಡಿದು ಸವೆದಿದ್ದ ಅದೇ ಮಂಡಿ.

ಹೊಡೆದವನ ಹೆಸರು ಮರುದಿನದ ಪೇಪರಿನಲ್ಲಿ.
ಹೊಡೆಯದಂತೆ ಮಾಡಿದವನದು
ಎಲ್ಲಿ ಬರೆಯುತ್ತಾರೆ?
ಆಗದೆ ಹೋದ ಗೋಲಿಗೆ ನಿಮಿಷವಿಲ್ಲ, ಫೋಟೋ ಇಲ್ಲ.
ಆಟಕ್ಕುಂಟು...
ಉಳಿದರ್ಧ ನಾನು ಹೇಳುವುದಿಲ್ಲ,
ಕೇಳಿಸಿಕೊಳ್ಳುವಷ್ಟು ಹತ್ತಿರ ಕೂತಿದ್ದಾನೆ.

ಎದುರು ಕುರ್ಚಿಯ ಬೋಳುತಲೆಯ ಮುದುಕ
ಆಗಿನಿಂದ ನಮ್ಮನ್ನೇ ನೋಡುತ್ತಿದ್ದ.
ತನ್ನ ಎಡಹುಬ್ಬಿಗೆ ಬೆರಳಿಟ್ಟು
'ಇದು ನಿಂದು' ಅಂದ. 'ಐದು ಹೊಲಿಗೆ.
ಪಿಕರ್ಸ್‌ಗಿಲ್. ಒಂಬತ್ತನೇ ನಂಬರು.'
ಅಪ್ಪ ಓದುವ ಕನ್ನಡಕ ಹಾಕಿಕೊಂಡು, ಬಾಗಿ,
ಹಳೆಯ ರುಜು ತಾಳೆ ನೋಡುವ ಬ್ಯಾಂಕಿನವನಂತೆ ನೋಡಿದ.
'ಡಾರ್ಲಿಂಗ್ಟನ್.'
'ವರ್ಕಿಂಗ್ಟನ್. ಹಿಮ ಬಿದ್ದಿತ್ತು, ಕಿತ್ತಳೆ ಬಣ್ಣದ ಚೆಂಡು.
ನಿಮ್ಮ ಕೀಪರು ಬಿದ್ದಿದ್ದ, ಬಲೆ ಖಾಲಿ.
ನಾನು ಬರೇ ಹಣೆ ಕೊಡಬೇಕಿತ್ತು,
ನಿನ್ನ ಮೊಳಕೈ ಬಂತು.'
'ತಲೆ.'
'ಮೊಳಕೈ.'
'ತಲೆಯಪ್ಪಾ. ಮೊಳಕೈ ಆಗಿದ್ದರೆ ರೆಫ್ರಿ ಬಿಡುತ್ತಿದ್ದನೇ?'
'ಈಗಲೂ ನಿದ್ದೆಯಲ್ಲಿ ಆ ಚೆಂಡು ಬರುತ್ತದೆ' ಎಂದ ಪಿಕರ್ಸ್‌ಗಿಲ್,
'ಬರುತ್ತದೆ, ಬರುತ್ತದೆ, ಒಳಗೆ ಹೋಗುವುದಿಲ್ಲ.'

ಅಪ್ಪ ಏನೂ ಅನ್ನಲಿಲ್ಲ.
ಆದರೆ ಆ ಮುಖ ನನಗೆ ಗೊತ್ತಿತ್ತು,
ಟಾರ್ಚಿನ ಬೆಳಕಿನಲ್ಲಿ ಕಂಡದ್ದು.

ನರ್ಸು ಕರೆದದ್ದು ಪಿಕರ್ಸ್‌ಗಿಲ್‌ನನ್ನು.
ಅವನು ಕೋಲೂರಿ ಎದ್ದ. ಅಪ್ಪನೂ ಎದ್ದ,
ಮಂಡಿ ಲಟಕ್ಕೆಂದಿತು,
ಅವನಿಗೂ ಬಾಗಿಲಿಗೂ ನಡುವೆ
ಅರ್ಧ ಹೆಜ್ಜೆ ಮುಂದಾಗಿ
ಬಾಗಿಲಿಗೆ ಬೆನ್ನು ಕೊಟ್ಟು ನಿಂತ.
'ಒಬ್ಬೊಬ್ಬರೇ ಬನ್ನಿ' ಎಂದಳು ನರ್ಸು.